ಬಸವಂತರಾಯನ ಹುಗ್ಗಿ ಸೌಟು

ಹೂವಿನ ಹಿಪ್ಪರಗಿಯ ಮಠದಲ್ಲಿ ಅಮಾವಾಸ್ಯೆಗೊಮ್ಮೆ ಗೋಧಿ ಹುಗ್ಗಿ. ಎರಡು ಕೊಪ್ಪರಿಗೆ ತುಂಬ ಕುದಿಯುವ ಆ ಹುಗ್ಗಿಯನ್ನು ಮೊದಲ ಸೌಟು ಎತ್ತಿ ಪಂಕ್ತಿಗೆ ಬಡಿಸುವ ಹಕ್ಕು ಇಪ್ಪತ್ತೆರಡು ವರ್ಷಗಳಿಂದ ಬಸವಂತರಾಯನದು. ಅಷ್ಟರಲ್ಲಿ ಪಂಚಾಯಿತಿಗೆ ಏಳು ಮಂದಿ ಅಧ್ಯಕ್ಷರು ಬಂದು ಹೋದರು, ಬಸ್‌ಸ್ಟ್ಯಾಂಡಿನ ಹೆಸರು ಎರಡು ಸಲ ಬದಲಾಯಿತು, ಮಠದ ಸ್ವಾಮಿಗಳಾದ ಅಜ್ಜಾರಿಗೆ ಮಂಡಿನೋವು ಶುರುವಾಗಿ ಗದ್ದುಗೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಬಂತು. ಆ ಹಿತ್ತಾಳೆ ಸೌಟು ಮಾತ್ರ ಕೈ ಬದಲಿಸಲಿಲ್ಲ. ಬಸವಂತರಾಯನಿಗೆ ಹೊಲವಿತ್ತು, ಮನೆಯಿತ್ತು, ಕಾಶಿಬಾಯಿಯಂಥ ಹೆಂಡತಿ ಇದ್ದಳು. ಆದರೂ ಪರವೂರಿನವರು ನೀವು ಯಾರು ಎಂದು ಕೇಳಿದರೆ, "ಹುಗ್ಗಿ ಬಡಸಾಂವರಿ" ಎಂದೇ ಹೇಳುತ್ತಿದ್ದ.

ಸೌಟು ಅವನಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಅವನಷ್ಟು ಕಟ್ಟಾ ಸಸ್ಯಾಹಾರಿ ಬಾಗೇವಾಡಿ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ತತ್ತಿಯ ಟ್ರೇ ಹಿಡಿದವರು ಬಸ್ಸು ಹತ್ತಿದರೆ ಇವನು ಇಳಿದು, ಮುಂದಿನ ಬಸ್ಸಿಗೆ ಒಂದು ತಾಸು ಬಿಸಿಲಲ್ಲಿ ನಿಲ್ಲುತ್ತಿದ್ದ. ಊರ ಸಸ್ಯಾಹಾರ ಜಾಗೃತಿ ಸಮಿತಿಗೆ ಅವನೇ ಅಧ್ಯಕ್ಷ, ಅವನೇ ಭಾಷಣಕಾರ, ಮೈಕೂ ಅವನದೇ. ಮಾಂಸ ತಿಂದವರ ತಲೆ ಕೆಡುತ್ತದೆ ಎನ್ನುವುದು ಭಾಷಣದ ಮುಖ್ಯ ಅಂಶ. ಅದನ್ನು ಅವನು ಮೂರು ಸಲ ಹೇಳುತ್ತಿದ್ದ, ಕೇಳುವವರು ಎದ್ದು ಹೋಗಿದ್ದರೂ ಹೇಳುತ್ತಿದ್ದ.

ಅವನ ಊಟ ನೋಡಬೇಕು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೊಲ್ಹಾರದ ಗಟ್ಟಿ ಮೊಸರು ತಾಟಿನ ಒಂದು ಮಗ್ಗುಲಿಗೆ ಇದ್ದರೆ, ಇನ್ನೊಂದು ಮಗ್ಗುಲಿಗೆ ಹಸಿಪಲ್ಲೆಯ ಗುಡ್ಡೆ. ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಎಲ್ಲವೂ ಅವನದೇ ಹೊಲದ್ದು. ಬೇರುಸಹಿತ ಕಿತ್ತು, ಮೊಳಕಾಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸಿ ನೇರ ಬಾಯಿಗೆ. ಕಾಶಿಬಾಯಿ ಪಲ್ಲೆಯ ಸಿವುಡು ಹಿಡಿದು ನಳದ ಕಡೆ ಹೊರಟರೆ ಕೈಯಿಂದ ಕಸಿದುಕೊಳ್ಳುತ್ತಿದ್ದ.

"ತೊಳದ್ರ ರುಚಿ ಎಲ್ಲಾ ನೀರಾಗ ಹೋಗ್ತೈತಿ. ನಮ್ಮ ಹೊಲದ ಮಣ್ಣು ನಮಗೇನ ಮಾಡ್ತೈತಿ?" ಎನ್ನುತ್ತಿದ್ದ.

ಕಾಶಿಬಾಯಿ ತನ್ನ ಪಾಲಿನದನ್ನು ತೊಳೆದುಕೊಂಡು ತಿನ್ನುತ್ತಿದ್ದಳು. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು.

ಇನ್ನು ಸೋಮನಿಂಗ. ಇವನು ಬಸವಂತರಾಯನ ಚಿಕ್ಕಪ್ಪನ ಮಗ, ಆರು ತಿಂಗಳಿಗೆ ಚಿಕ್ಕವನು. ಇಬ್ಬರ ಹೊಲಕ್ಕೂ ನಡುವೆ ಒಂದೇ ಒಡ್ಡು. ಸೋಮನಿಂಗನದು ಮೇಲೆ, ಬಸವಂತರಾಯನದು ಕೆಳಗೆ. ಮಠದಲ್ಲೂ ಹಾಗೆಯೇ ಹಿಂದೆ ಮುಂದೆ. ಬಸವಂತರಾಯ ಹುಗ್ಗಿ ಬಡಿಸುತ್ತ ಮುಂದೆ ಹೋದರೆ ಸೋಮನಿಂಗ ಸಾರಿನ ಬಕೀಟು ಹಿಡಿದು ಹಿಂದೆ ಬರುತ್ತಿದ್ದ. ಹುಗ್ಗಿ ಬಿದ್ದ ತಾಟಿಗೆ ಸಾರು ಯಾರಿಗೆ ಬೇಕು? ಇಪ್ಪತ್ತೆರಡು ವರ್ಷ "ಸಾರು, ಸಾರು" ಎಂದು ಕೂಗಿ "ಬ್ಯಾಡ, ಬ್ಯಾಡ" ಎಂದು ಕೇಳಿಸಿಕೊಂಡವನ ಮನಸ್ಸು ಹೇಗಿರಬೇಡ? ಅವನ ಕಣ್ಣು ಸೌಟಿನ ಮೇಲಿದ್ದದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

ಆ ಅಮಾವಾಸ್ಯೆ ಎಲ್ಲ ಸರಿಯಾಗಿಯೇ ಶುರುವಾಯಿತು. ಮೊದಲ ಎರಡು ಪಂಕ್ತಿ ಮುಗಿದು ಮೂರನೆಯದರ ನಡುವೆ ಬಂದಾಗ ಬಸವಂತರಾಯನ ಬಲಗೈ ಅವನನ್ನು ಕೇಳದೆ ಕುಣಿಯತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಮೊಳಕೈ. ಸೌಟು ಬಿಡೋಣವೆಂದರೆ ಬೆರಳು ಬಿಗಿಹಿಡಿದಿವೆ. ತುಂಬಿದ ಸೌಟು ಎಡಕ್ಕೂ ಬಲಕ್ಕೂ ಹೊಡೆದುಕೊಂಡು, ಒಂದು ಪಾಲು ಹುಗ್ಗಿ ನಿವೃತ್ತ ಮಾಸ್ತರರ ಮೂಗಿನ ಮೇಲಿನ ಚಾಳೀಸಿಗೆ, ಒಂದು ಪಾಲು ಹಳೆಯ ಅಜ್ಜಾರ ಫೋಟೋಕ್ಕೆ, ಉಳಿದದ್ದೆಲ್ಲ ಸೋಮನಿಂಗನ ಹೊಸ ಬಿಳಿ ಅಂಗಿಗೆ ಬಿತ್ತು.

"ಮೈಯಾಗ ದೇವರು ಬಂದಾನ" ಎಂದರು ಒಬ್ಬರು. ನಾಲ್ಕು ಹೆಂಗಸರು ಕೈ ಮುಗಿದರು. ಒಬ್ಬಾತ ತನ್ನ ಬೋರಿಗೆ ಈ ಸಲ ನೀರು ಬೀಳುತ್ತದೋ ಇಲ್ಲವೋ ಎಂದು ಕೇಳಿಯೂಬಿಟ್ಟ. ಬಸವಂತರಾಯ ಉತ್ತರ ಕೊಡದೆ ಧಡ್ ಎಂದು ನೆಲಕ್ಕೆ ಬಿದ್ದ. ಆಗ ದೇವರಲ್ಲ, ಫಿಟ್ಸು ಎಂದು ಗೊತ್ತಾಗಿ ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಒಬ್ಬರು ಬೈಕಿನ ಕೀಲಿ ಮುಷ್ಟಿಯಲ್ಲಿಟ್ಟರು. ಆ ಕೀಲಿ ಎಲ್ಲಿ ಹೋಯಿತೋ ತಿಳಿಯದೆ ಅವರು ಮೂರು ದಿನ ನಡೆದುಕೊಂಡೇ ಓಡಾಡಿದರು.

ಎಲ್ಲರನ್ನೂ ಬದಿಗೆ ತಳ್ಳಿ ಬಂದವಳು ಆಶಾ ಕಾರ್ಯಕರ್ತೆ ವಿಜಯಶ್ರೀ. ಬಸವಂತರಾಯನನ್ನು ಮಗ್ಗುಲಿಗೆ ಹೊರಳಿಸಿದಳು, ತಲೆಯ ಕೆಳಗೆ ತನ್ನ ಕೈಯಿಟ್ಟಳು, ಬಾಯಿಗೆ ಏನೂ ಹಾಕಬೇಡಿ ಎಂದು ಗದರಿಸಿದಳು, ಅಂಬುಲೆನ್ಸಿಗೆ ಫೋನು ಹಚ್ಚಿದಳು. ಅವಳ ಗಂಡ ಭೀಮು ಊರ ಹೊರಗೆ ಹಂದಿ ಸಾಕುತ್ತಾನೆ. ಆ ಶೆಡ್ಡು ತೆಗೆಸಬೇಕೆಂದು ಪಂಚಾಯಿತಿಗೆ ಮೂರು ಸಲ ಅರ್ಜಿ ಕೊಟ್ಟವನು ಇದೇ ಬಸವಂತರಾಯ. ಎಚ್ಚರವಾದಾಗ ಅವನಿಗೆ ತನ್ನ ತಲೆ ಯಾರ ಕೈಯ ಮೇಲಿದೆ ಎಂದು ತಿಳಿಯಿತು. ಕೇಳಿದ್ದು ಮಾತ್ರ "ಸೌಟು ಎಲ್ಲೈತಿ?" ಎಂದು.

ಸೌಟು ಸೋಮನಿಂಗನ ಕೈಯಲ್ಲಿತ್ತು. ಒರೆಸುತ್ತಿದ್ದ.

ಬಿಜಾಪುರದ ಆಸ್ಪತ್ರೆಗೆ ಕಾಶಿಬಾಯಿ ಹೋದಳು, ಜೊತೆಗೆ ಗಂಡಸು ಬೇಕೆಂದು ಸೋಮನಿಂಗನೂ ಹೋದ. ಮಶೀನಿನಲ್ಲಿ ಮಲಗಿಸಿ ತಲೆಯ ಫೋಟೋ ತೆಗೆದರು. ಮರುದಿನ ಡಾಕ್ಟರ್ ನಾಜಿಮಾ ಅದನ್ನು ಬೆಳಕಿಗೆ ಹಿಡಿದು, ಮೆದುಳಿನೊಳಗೆ ಜೋಳದ ಕಾಳಿನಷ್ಟು ಗಾತ್ರದ ಒಂದು ಬಿಳಿ ಚುಕ್ಕೆ ತೋರಿಸಿದರು.

"ನೋಡ್ರಿ ಬಸವಂತರಾಯರ, ಇದು ಲಾಡಿಹುಳದ ಮರಿ. ಹಂದಿಯಿಂದ ಬರೋ ಜಾತಿ. ಮೆದುಳಿನಾಗ ಸೇರಿಕೊಂಡು ಫಿಟ್ಸ್ ತರಿಸೈತಿ. ಗುಳಿಗಿಗಿ ಹೋಗ್ತೈತಿ, ಅಂಜಬ್ಯಾಡ್ರಿ."

ಹಂದಿ ಎಂಬ ಮಾತು ಕೇಳುತ್ತಲೇ ಸೋಮನಿಂಗ ಎದ್ದು ನಿಂತ. "ಚಾ ಕುಡದು ಬರ್ತೇನ್ರಿ" ಎಂದ. ಚಾ ಕುಡಿಯಲು ಅವನು ಹಿಡಿದದ್ದು ಹೂವಿನ ಹಿಪ್ಪರಗಿಯ ಬಸ್ಸು.

ಡಾಕ್ಟರರ ಮಾತು ಇನ್ನೂ ಅರ್ಧವೇ ಆಗಿತ್ತು. ಉಳಿದರ್ಧವನ್ನು ಅವರು ಗಂಡಹೆಂಡತಿಗೆ ಮತ್ತು ಖಾಲಿ ಕುರ್ಚಿಗೆ ಹೇಳಿದರು.

"ಹಂದಿ ಮಾಂಸ ಸರಿಯಾಗಿ ಬೇಯಿಸದ ತಿಂದವರ ಹೊಟ್ಟಿಯಾಗ ಈ ಹುಳ ಬೆಳೀತೈತಿ. ಅವರು ಹೊರಕಡಿ ಹೋದಾಗ ಅದರ ತತ್ತಿ ಬೀಳ್ತಾವ, ಕಣ್ಣಿಗಿ ಕಾಣಂಗಿಲ್ಲ. ಅವು ನೀರಿನ ಕೂಡ ಹರದು, ಹಸಿ ಕಾಯಿಪಲ್ಲೆಗಿ ಹತ್ತಿ, ಮತ್ತೊಬ್ಬರ ಬಾಯಿಗಿ ಹೋದ್ರ, ಆ ಮತ್ತೊಬ್ಬರ ತಲಿಗಿ ಏರ್ತಾವ. ನೀವು ಆ ಮತ್ತೊಬ್ಬರು. ಹಂದಿ ನೀವು ತಿಂದಿಲ್ಲ."

"ತತ್ತಿ ತಿಂದೇನ್ರಿ?" ಎಂದ ಬಸವಂತರಾಯ, ಬಿಳಿಚಿಕೊಂಡು.

"ಹುಳದ ತತ್ತಿರಿ."

"ಯಾವುದರೆ ಆಗ್ಲಿ, ತತ್ತಿ ಹೌದಲ್ಲರಿ?"

ಡಾಕ್ಟರ್ ಹೌದೆನ್ನಬೇಕಾಯಿತು. ಹಸಿ ಪಲ್ಲೆಯನ್ನು ತೊಳೆಯದೆ ತಿನ್ನುತ್ತೀರಾ ಎಂದು ಕೇಳಿದರು. ಕಾಶಿಬಾಯಿ ಬಾಗಿಲ ಕಡೆ ನೋಡಿದಳು. ಬಸವಂತರಾಯ ಎದೆ ಸೆಟೆಸಿ, "ನನ್ನ ಮೆಂತೆಪಲ್ಲೆ ಅಂಥಾದ್ದಲ್ಲ ಬಾಯಾರ" ಎಂದ. ತನ್ನ ಮೇಲೆ ತಪ್ಪು ಬಂದರೂ ತಡೆದುಕೊಂಡಾನು, ಮೆಂತೆಯ ಮೇಲೆ ಬಂದರೆ ತಡೆದುಕೊಳ್ಳುವವನಲ್ಲ.

ಗುಳಿಗೆ ಶುರುಮಾಡಿ, ಐದು ದಿನ ಇಟ್ಟುಕೊಂಡು ಕಳಿಸಿದರು. ಆ ಐದು ದಿನದಲ್ಲಿ ಅರ್ಧ ಸುದ್ದಿ ಊರೆಲ್ಲ ತಿರುಗಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದಿನವೂ ಸ್ಟೀಲ್ ಲೋಟದಲ್ಲಿ ಚಾ ಕೊಡುತ್ತಿದ್ದವನು, ಬಸವಂತರಾಯ ಊರಿಗೆ ಮರಳಿದ ದಿನ, ಕಾಗದದ ಕಪ್ಪಿನಲ್ಲಿ ಕೊಟ್ಟು, ಕುಡಿದು ಮುಗಿಸುವ ಮೊದಲೇ ಕಸದ ಬುಟ್ಟಿ ತೋರಿಸಿದ. ಸಸ್ಯಾಹಾರ ಸಮಿತಿಯ ಬೋರ್ಡಿನಲ್ಲಿ ಅಧ್ಯಕ್ಷರ ಫೋಟೋ ಇದ್ದ ಜಾಗದಲ್ಲಿ ಒಂದು ಬದನೆಕಾಯಿಯ ಚಿತ್ರ ಬಂದಿತ್ತು. ಮೈಕಿನಲ್ಲಿ ಒದರುವವರೆಲ್ಲ ಹಿಂಗೇ, ಹಗಲೆಲ್ಲ ಭಾಷಣ, ಸಂಜೆಗೆ ಹಂದಿ ಎಂದು ಕಟ್ಟೆಯ ಮೇಲೆ ಮಾತಾಡಿದರು. ಮಾಂಸ ತಿಂದವರ ತಲೆ ಕೆಡುತ್ತದೆ ಎಂದು ಅವನೇ ಹೇಳುತ್ತಿದ್ದನಲ್ಲ, ಇದಕ್ಕಿಂತ ಸಾಕ್ಷಿ ಏನು ಬೇಕು ಎಂದರು. ಅವನ ಭಾಷಣವನ್ನು ಯಾರಾದರೂ ನೆನಪಿಟ್ಟುಕೊಂಡಿದ್ದಾರೆಂದು ತಿಳಿದದ್ದೇ ಆಗ.

ಬಸವಂತರಾಯ ಸಿಕ್ಕವರಿಗೆಲ್ಲ ಉಳಿದರ್ಧವನ್ನು ವಿವರಿಸಲು ಹೋದ. ಬೇರೆಯವರು ತಿಂದದ್ದು ನನ್ನ ತಲೆಗೆ ಬಂದಿದೆ ಎಂದರೆ ಯಾರು ನಂಬುತ್ತಾರೆ? ಕೇಳಿದವರು ಹೂಂ, ಹೂಂ ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಸಂಜೆ ಸೋಮನಿಂಗ ಮನೆಗೆ ಬಂದ. ಮುಖದಲ್ಲಿ ದುಃಖ, ಧ್ವನಿಯಲ್ಲಿ ಬೆಣ್ಣೆ.

"ಅಣ್ಣಾ, ನಿನ್ನ ಕೈ ಇನ್ನಾ ನಡಗತಾವ. ಬರೋ ಅಮಾಸಿಗಿ ಹುಗ್ಗಿ ನಾ ಬಡಸ್ತೇನಿ. ಸೋಮವಾರ ಮಠದಾಗ ಅಜ್ಜಾರ ಮುಂದ ಮಂದಿ ಕೂಡ್ತಾರ. ಮಂದಿ ಬಾಯಿ ನಾ ಹೆಂಗ ಮುಚ್ಚಲಿ?"

"ನೀ ತಗದದ್ದನ್ನ ನೀನ ಮುಚ್ಚು" ಎಂದ ಬಸವಂತರಾಯ.

ಸೋಮನಿಂಗ ಕೇಳದವನಂತೆ ಹೋದ. ಅವನ ಬೆರಳು ಗಾಳಿಯಲ್ಲಿಯೇ ಸೌಟು ಹಿಡಿದಂತೆ ಮಡಚಿಕೊಂಡಿದ್ದನ್ನು ಬಸವಂತರಾಯ ನೋಡಿದ.

ಇಷ್ಟೆಲ್ಲ ಅವನು ತಡೆದುಕೊಂಡ. ತಡೆಯಲಾರದ್ದು ಬಂದದ್ದು ಊಟದ ಹೊತ್ತಿಗೆ. ತಂಗಡಗಿಯಿಂದ ಕಾಶಿಬಾಯಿಯ ತಂಗಿ ಸುದ್ದಿ ಕೇಳಿ ಫೋನು ಮಾಡಿದ್ದಳು. ಫೋನಿಟ್ಟ ಮೇಲೆ ಕಾಶಿಬಾಯಿ ರೊಟ್ಟಿ ಹಾಕುತ್ತ ಹಾಕುತ್ತ ನಿಂತು, ಅವನ ಮುಖ ನೋಡದೆ ಕೇಳಿದಳು.

"ಒಂದ ಸಲನೂ ಇಲ್ಲಲ್ಲರಿ?"

ಡಾಕ್ಟರ್ ಹೇಳುವಾಗ ಪಕ್ಕದಲ್ಲೇ ಕೂತಿದ್ದವಳು ಇವಳು. ಕಾಗದದ ಕಪ್ಪು, ಬದನೆಕಾಯಿ, ಯಾವುದೂ ಬಸವಂತರಾಯನಿಗೆ ಇಷ್ಟು ನೋವು ಕೊಟ್ಟಿರಲಿಲ್ಲ. ತಾಟು ಸರಿಸಿ, ಕೈ ತೊಳೆದು ಹೊರಗೆ ಹೋದ. ಕಾಶಿಬಾಯಿಗೂ ಕೇಳಬಾರದಿತ್ತು ಅನಿಸಿತು. ಹೊರಗೆ ಬಂದು ಅವನ ಪಕ್ಕ ಕಟ್ಟೆಯ ಮೇಲೆ ಕೂತಳು.

"ಊರಾಗ ಯಾರು ತಿಂತಾರ, ಯಾರು ತಿನ್ನಂಗಿಲ್ಲ ಅಂತ ಖರೇ ಗೊತ್ತಿರೋದು ಒಬ್ಬಗ" ಎಂದಳು. "ಆ ಭೀಮುನ್ನ ಕರೀರಿ. ಅವ ಇಲ್ಲ ಅಂದ್ರ ಮಂದಿ ನಂಬ್ತಾರ."

ಬಸವಂತರಾಯ ಇಡೀ ದಿನ ಬೇಡವೆಂದ. ಸಸ್ಯಾಹಾರ ಸಮಿತಿಯ ಅಧ್ಯಕ್ಷನಿಗೆ ಹಂದಿ ಸಾಕುವವನ ಸರ್ಟಿಫಿಕೇಟು ಬೇಕಾಯಿತಲ್ಲ ಎಂದು ಹಲುಬಿದ. ಮರುದಿನ ಸೌಟು ನೆನಪಾಯಿತು; ಹೋದ.

ಶೆಡ್ಡಿನ ಗೇಟಿನಲ್ಲಿ ರುಮಾಲಿನಿಂದ ಮೂಗು ಮುಚ್ಚಿ ನಿಂತ. ಸ್ವಲ್ಪ ಹೊತ್ತಿಗೆ ಮುಚ್ಚುವಂಥದ್ದೇನೂ ಇಲ್ಲವೆಂದು ತಿಳಿದು ರುಮಾಲು ಇಳಿಸಿದ. ಸಿಮೆಂಟು ನೆಲ, ನೀಲಿ ತಗಡು, ಗೋಡೆಗೆ ಪಶುವೈದ್ಯರ ಚೀಟಿ. ಭೀಮು ಪೈಪು ಹಿಡಿದು ಒಂದು ಹೆಣ್ಣು ಹಂದಿಗೆ ಸ್ನಾನ ಮಾಡಿಸುತ್ತಿದ್ದ. ಬಿ.ಎ. ಮುಗಿಸಿ, ತರಬೇತಿ ಪಡೆದು ಈ ಕೆಲಸಕ್ಕೆ ಇಳಿದವನು. ಹಂದಿ ಕಣ್ಣು ಮುಚ್ಚಿ ಸುಖವಾಗಿ ನಿಂತಿತ್ತು.

"ಬರ್ರಿ ಕಾಕಾ. ನಾಕನೇ ಅರ್ಜಿಗಿ ಸಹಿ ಬೇಕಾಗೈತೇನ್ರಿ?"

ಬಸವಂತರಾಯ ಅವಮಾನ ನುಂಗಿಕೊಂಡು ವಿಷಯ ಹೇಳಿದ. ಸೋಮವಾರ ಮಠಕ್ಕೆ ಬಂದು, ಈ ಮನುಷ್ಯ ನನ್ನ ಗಿರಾಕಿ ಅಲ್ಲ ಎಂದು ಎರಡು ಮಾತು ಹೇಳಬೇಕು, ಅಷ್ಟೇ.

ಭೀಮು ಪೈಪು ಬಂದ್ ಮಾಡಿದ. "ಆಗಂಗಿಲ್ಲರಿ ಕಾಕಾ. ನನ್ನ ಕಡೆ ಯಾರು ಬರ್ತಾರ ಅಂತ ನಾ ಹೇಳಂಗಿಲ್ಲ. ಯಾರು ಬರಂಗಿಲ್ಲ ಅಂತನೂ ಹೇಳಂಗಿಲ್ಲ. ಇವತ್ತ ನಿಮ್ಮ ಹೆಸರಿಗಿ ಇಲ್ಲ ಅಂದ್ರ, ನಾಳೆ ಎಲ್ಲಾರೂ ನಂದೂ ಇಲ್ಲನ್ನು ಅಂತ ಬರ್ತಾರ. ಧಂಧೆ ಹೆಂಗ ನಡೀಬೇಕ್ರಿ?"

ಬಸವಂತರಾಯ ತಿರುಗಿ ನಡೆದ. ಬೆನ್ನು ಬಾಗಿತ್ತು. ಹಿಂದಿನಿಂದ ಭೀಮು ಕರೆದು ಹೇಳಿದ.

"ಸಭಾಕ್ಕ ಬರ್ತೇನ್ರಿ. ನಿಮ್ಮ ಫೋನ್ ಚಾರ್ಜ್ ಮಾಡಿ ತಗೊಂಡು ಬರ್ರಿ."

ಫೋನಿಗೂ ಹಂದಿಗೂ ಏನು ಸಂಬಂಧವೋ ತಿಳಿಯಲಿಲ್ಲ. ಆದರೂ ಬಸವಂತರಾಯ ಎರಡು ದಿನ ಫೋನನ್ನು ಚಾರ್ಜಿನಿಂದ ತೆಗೆಯಲೇ ಇಲ್ಲ.

ಸೋಮವಾರ ಮಠದ ಅಂಗಳ ತುಂಬಿತ್ತು. ಅಜ್ಜಾರು ಕುರ್ಚಿಯ ಮೇಲೆ ಮಂಡಿ ತಿಕ್ಕಿಕೊಳ್ಳುತ್ತ ಕೂತಿದ್ದರು. ಅವರ ಮುಂದೆ ಕೆಂಪು ಬಟ್ಟೆಯ ಮೇಲೆ ಸೌಟು. ಸೋಮನಿಂಗ ಎದ್ದು ಮಾತಾಡಿದ. ಅಣ್ಣನೆಂದರೆ ತನಗೆ ಪ್ರಾಣ ಎಂದ, ಬಡಿಸುವ ಕೈ ಶುದ್ಧವಿರಬೇಕು ಎಂದ, ತನ್ನದು ಶುದ್ಧ ಎಂದು ನೇರ ಹೇಳದೆ ಕೈಯನ್ನು ಎಲ್ಲರಿಗೂ ಕಾಣುವಂತೆ ಅಲ್ಲಾಡಿಸಿದ. ಮಂದಿ ತಲೆಯಾಡಿಸಿದರು. ಅವರಲ್ಲಿ ಸಸ್ಯಾಹಾರ ಸಮಿತಿಯ ಕಾರ್ಯದರ್ಶಿಯ ತಲೆ ಎಲ್ಲರಿಗಿಂತ ಜೋರಾಗಿ ಆಡಿತು.

ಹಿಂದೆ ಕಂಬಕ್ಕೆ ಒರಗಿದ್ದ ಭೀಮು, "ಅಜ್ಜಾರ, ಒಂದ ಮಾತು ಹೇಳಲಿರಿ?" ಎಂದ. ಅಜ್ಜಾರು ಹೂಂ ಎಂದರು.

"ಯಾರ ಹೆಸರೂ ನಾ ಹೇಳಂಗಿಲ್ಲರಿ. ಆದ್ರ ನನಗೊಂದು ವಾಟ್ಸಾಪ್ ಗ್ರೂಪ್ ಐತಿ. ಮಾಲು ಇದ್ದ ವಾರ ಶನಿವಾರ ಸಂಜಿಕ ಒಂದು ಮೆಸೇಜ್ ಹಾಕ್ತೇನಿ, ಬೇಕಾದವರು ಹೂಂ ಅಂತಾರ. ಮನ್ಯಾಗಿನವರಿಗೆ ತಿಳಿಬಾರದು ಅಂತ ಗಿರಾಕಿಗೋಳ ಗ್ರೂಪಿಗಿ ಹೆಸರಿಟ್ಟಾರ. ರವಿವಾರದ ಭಜನಾ ಮಂಡಳಿ ಅಂತ."

ಅಂಗಳದಲ್ಲಿ ಒಮ್ಮೆಲೇ ಬಹಳ ಜನಕ್ಕೆ ಕೆಮ್ಮು ಬಂತು. ಹೆಂಗಸರ ಕಡೆಯಿಂದ, "ನಮ್ಮವರೂ ರವಿವಾರ ಭಜನಿಗಿ ಹೋಗ್ತಾರಲ್ಲ" ಎಂದು ಯಾರೋ ಮೆಲ್ಲಗೆ ಅಂದರು. ಒಂದಿಬ್ಬರ ಕೈ ಕಿಸೆಯ ಕಡೆ ಹೊರಟಿತು.

"ಯಾರೂ ಫೋನ್ ಮುಟ್ಟಬ್ಯಾಡ್ರಿ" ಎಂದರು ಅಜ್ಜಾರು. ಅವರ ಮಂಡಿನೋವು ಎಲ್ಲಿ ಹೋಗಿತ್ತೋ, ಮುಂದಕ್ಕೆ ಬಾಗಿ ಕೂತಿದ್ದರು. "ಬಸವಂತರಾಯಾ, ನಿನ್ನ ಫೋನ್ ಇಲ್ಲಿ ಸೌಟಿನ ಬಾಜೂಕ ಇಡು. ಭೀಮೂ, ಹಾಕಪಾ ನಿನ್ನ ಮೆಸೇಜ್."

ಭೀಮು ಹೆಬ್ಬೆರಳಿನಿಂದ ಟೈಪು ಮಾಡಿದ.

ಟಿಣ್ ಎಂದಿತು ಮೊದಲ ಕಿಸೆ. ಆಮೇಲೆ ಟಿಣ್, ಟಿಣ್, ಟಿಣ್. ಒಂದು ಕೋಗಿಲೆ ಕೂಗಿತು, ಗಂಟೆಯೊಂದು ಢಣ್ ಎಂದಿತು, ಒಂದು ಕೂಸು ಕಿಲಕಿಲ ನಕ್ಕಿತು. ಸಸ್ಯಾಹಾರ ಸಮಿತಿಯ ಕಾರ್ಯದರ್ಶಿಯ ಎದೆ ಸದ್ದು ಮಾಡಿತು, ಖಜಾಂಚಿಯ ಸೊಂಟ ಸದ್ದು ಮಾಡಿತು, ಅಜ್ಜಾರ ಕಾರಿನ ಡ್ರೈವರ್ ತನ್ನ ಕಿಸೆಯ ಮೇಲೆ ಎರಡೂ ಕೈಯಿಟ್ಟು ಕೂತುಬಿಟ್ಟ. ಹದಿನಾಲ್ಕು ಫೋನು ಬಡಿದುಕೊಂಡು ಸುಮ್ಮನಾದವು. ಕೆಂಪು ಬಟ್ಟೆಯ ಮೇಲೆ ಬಸವಂತರಾಯನ ಫೋನು ನೂರಕ್ಕೆ ನೂರು ಚಾರ್ಜು ತುಂಬಿಕೊಂಡು ಮಿಸುಕದೆ ಮಲಗಿತ್ತು.

ಬಸವಂತರಾಯನ ಕಣ್ಣು ತುಂಬಿ ಬಂದವು. ಹೆಂಗಸರ ಕಡೆ ನೋಡಿದ. ಕಾಶಿಬಾಯಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಆಗ ಸೋಮನಿಂಗ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವ ಗುಣ ಅವನಿಗೆ ಯಾವಾಗ ಇತ್ತು? ಎದ್ದು ನಿಂತು, ತನ್ನ ಫೋನು ಕಿಸೆಯಿಂದ ತೆಗೆದು, "ನೋಡ್ರಿ, ಅಣ್ಣಂದಷ್ಟ ಅಲ್ಲ, ನಂದೂ ಸುಮ್ಮನೈತಿ" ಎಂದು ತಲೆಯ ಮೇಲಕ್ಕೆ ಎತ್ತಿ ಹಿಡಿದ. ಕೆಳಗೆ ಸಿಗದ ನೆಟ್‌ವರ್ಕು ಅಷ್ಟು ಎತ್ತರದಲ್ಲಿ ಸಿಕ್ಕಿತು. ಫೋನು ಉದ್ದಕ್ಕೆ ಒಂದು ಶಂಖ ಊದಿತು. ಅವನು ಇಳಿಸಲು ಹೋಗುವುದರೊಳಗೆ ಪಕ್ಕದಲ್ಲಿದ್ದ ಮಾಸ್ತರರು ಹುಗ್ಗಿ ಒರೆಸಿದ ಚಾಳೀಸು ಏರಿಸಿಕೊಂಡು ಗಟ್ಟಿಯಾಗಿ ಓದಿದರು.

"ರವಿವಾರದ ಭಜನಾ ಮಂಡಳಿ. ಈ ವಾರ ಭಜನಿ ಇರೂದಿಲ್ಲ. ಭಕ್ತರು ಸಹಕರಿಸಬೇಕು."

ಅಜ್ಜಾರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಸಭೆ ಮುಗಿಯಿತು, ಸೌಟು ಇದ್ದ ಕೈಯಲ್ಲೇ ಇರಲಿ, ಯಾರದಾದರೂ ತಕರಾರು ಇದೆಯೇ ಎಂದು ಕೇಳಿದರು. ಯಾರದೂ ಇರಲಿಲ್ಲ. ಅಂಗಳ ಅಷ್ಟು ಬೇಗ ಖಾಲಿಯಾದದ್ದನ್ನು ಆ ಮಠ ಹಿಂದೆಂದೂ ಕಂಡಿರಲಿಲ್ಲ.

ಮರುದಿನ ಬಸವಂತರಾಯ ಭೀಮುವಿನ ಮನೆಗೆ ಹೋದ. ಈ ಸಲ ರುಮಾಲು ಮೂಗಿಗೆ ಇರಲಿಲ್ಲ. ಊಟದ ಹೊತ್ತು. ಇನ್ನೂ ಮಾತು ಶುರುವಾಗಿರಲಿಲ್ಲ, ವಿಜಯಶ್ರೀ ತಾಟು ತಂದಿಟ್ಟಳು. ಅವನಿಗೆ ಕೊಡುವ ತಾಟಿನಲ್ಲಿ ಏನಿರಬೇಕು, ಏನಿರಬಾರದು ಎಂದು ಅವಳಿಗೆ ಗೊತ್ತಿತ್ತು. ರೊಟ್ಟಿ, ಬ್ಯಾಳಿ, ಮೆಂತೆಯ ಸಿವುಡು. ಮೆಂತೆಯನ್ನು ಅವನ ಎದುರಿಗೇ ಮೂರು ನೀರಿನಲ್ಲಿ ಜಾಲಾಡಿ, ಕೊನೆಗೆ ನಳದ ಕೆಳಗೆ ಹಿಡಿದು ಎಲೆ ಎಲೆ ಬಿಡಿಸಿ ತೊಳೆದಳು. ಮೊದಲ ನೀರು ಚಾದ ಬಣ್ಣಕ್ಕೆ ತಿರುಗಿದ್ದನ್ನು ಬಸವಂತರಾಯ ಬಗ್ಗಿ ನೋಡಿದ. ತಿಂದ. ರುಚಿ ಎಲ್ಲಿಗೂ ಹೋಗಿರಲಿಲ್ಲ.

"ಆ ಹುಳದ ಮೂಲ ನಿಮ್ಮ ಶೆಡ್ಡಲ್ಲ ಹೌದಲ್ಲೋ?" ಎಂದು ಕೇಳಿದ.

ಭೀಮುವಿಗೆ ಸಿಟ್ಟು ಬಂತು. "ನನ್ನ ಹಂದಿ ಚರಂಡಿ ಕಂಡೇ ಇಲ್ಲರಿ ಕಾಕಾ. ಡಾಕ್ಟರ್ ನೋಡಿ ಬಿಟ್ಟಿದ್ದಷ್ಟ ಕೊಡ್ತೇನಿ. ಆದ್ರ ನನ್ನ ಕಡೆ ಸಿಗದ ವಾರ ಕೆಲವರು ತಡಕೊಳ್ಳಂಗಿಲ್ಲ. ಎಲ್ಲೆಲ್ಲಿಂದೋ ತರ್ತಾರ. ಮನ್ಯಾಗ ಬೇಯ್ಸಾಕ ಅಂಜಿಕಿ, ಹೊಲದಾಗ ಹತ್ತಿಕಟಗಿ ಹಚ್ಚಿ ಗಡಿಬಿಡಿಲೆ ಅರ್ಧಮರ್ಧ ಸುಟ್ಟು ತಿಂತಾರ. ನಿಮ್ಮ ಒಡ್ಡಿನ ಮ್ಯಾಲಿಂದ ಹೊಗಿ ಏಳತಿತ್ತು. ನೀವು ನೋಡಿಲ್ಲೇನು?"

ನೋಡಿದ್ದ. ಸೋಮನಿಂಗ ಕಸ ಸುಡುತ್ತಾನೆಂದು ತಿಳಿದಿದ್ದ. ಈಗ ಇನ್ನೊಂದೂ ನೆನಪಾಯಿತು. ಸೋಮನಿಂಗನ ಮನೆಯ ಹಿತ್ತಲಿನಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಸಂಡಾಸ ಇತ್ತು. ಅದರ ತುಂಬ ಅವನು ಉಳ್ಳಾಗಡ್ಡಿ ಚೀಲ ಒಟ್ಟಿದ್ದ. ತಾನು ಮಾತ್ರ ದಿನಾ ಬೆಳಿಗ್ಗೆ ತಂಬಿಗೆ ಹಿಡಿದು ಒಡ್ಡಿನ ಮೇಲೆ ಹೋಗುತ್ತಿದ್ದ. ಒಡ್ಡಿನ ಕೆಳಗೆ ಬಸವಂತರಾಯನ ಮೆಂತೆಯ ಮಡಿ. ನೀರು ಬಿಟ್ಟರೆ ಮೇಲಿನಿಂದ ಕೆಳಕ್ಕೇ ಹರಿಯಬೇಕು.

ಬಸವಂತರಾಯ ತುತ್ತು ಕೈಯಲ್ಲಿ ಹಿಡಿದು ಕೂತುಬಿಟ್ಟ. ಮೊದಲು ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಎದ್ದು ಹೋಗಿ ಸೋಮನಿಂಗನ ಕುತ್ತಿಗೆ ಹಿಡಿಯುವಷ್ಟು. ತಿಂದವನು ಅವನು, ಫಿಟ್ಸು ಬಂದದ್ದು ನನಗೆ. ಆಮೇಲೆ ನಳದ ಹತ್ತಿರ ಸಿವುಡು ಹಿಡಿದು ನಿಂತ ಕಾಶಿಬಾಯಿ ಕಣ್ಣ ಮುಂದೆ ಬಂದಳು. ಅವಳ ಕೈಯಿಂದ ಎಷ್ಟು ಸಲ ಕಸಿದುಕೊಂಡಿದ್ದ. ನಾಚಿಕೆಯಾಯಿತು. ಮಂದಿ ನಕ್ಕಾಗ ಆಗದಷ್ಟು ನಾಚಿಕೆ ಅವನಿಗೆ ಅಲ್ಲಿ, ಆ ತಾಟಿನ ಮುಂದೆ ಆಯಿತು.

"ಈಗೇನ ಮಾಡೂದವಾ?" ಎಂದು ವಿಜಯಶ್ರೀಯನ್ನು ಕೇಳಿದ.

ಯಾರ ಹೊಟ್ಟೆಯಲ್ಲಿ ಏನಿದೆ ಎಂದು ತಾನು ಯಾರಿಗೂ ಹೇಳುವಂತಿಲ್ಲ ಎಂದಳು ಅವಳು. ಪರೀಕ್ಷೆ ಮಾಡಿಸಿಕೊಳ್ಳಬೇಕು, ಬೇಕಾದವರಿಗೆ ಡಾಕ್ಟರ್ ಗುಳಿಗೆ ಕೊಡುತ್ತಾರೆ, ಎಲ್ಲರೂ ಸಂಡಾಸಕ್ಕೇ ಹೋಗಬೇಕು, ಪಲ್ಲೆ ತೊಳೆಯಬೇಕು, ಊಟಕ್ಕೆ ಮೊದಲು ಸಾಬಾನು ಹಚ್ಚಬೇಕು. "ನಾ ಮನಿಮನಿಗಿ ಹೇಳಿದ್ರ ಕೇಳಂಗಿಲ್ಲರಿ ಕಾಕಾ. ಅದಕ್ಕ ಭಜನಾ ಮಂಡಳಿ ಗ್ರೂಪಿನಾಗ ಹಾಕ್ತೇನಿ ಅಂತ ಮಾಡೇನಿ. ಅಲ್ಲಿ ಹಾಕಿದ್ದನ್ನ ಎಲ್ಲಾರೂ ಓದ್ತಾರ."

ಬಸವಂತರಾಯನೊಳಗಿನ ಭಾಷಣಕಾರ ಹತ್ತು ದಿನದಿಂದ ಮೈಕಿಲ್ಲದೆ ಕೂತಿದ್ದ.

"ತೊಳೀದ ತಿಂದು ಅನುಭವಿಸಿದವ ನಾ" ಎಂದ. "ನಾ ಹೇಳಿದ್ರ ನಂಬ್ತಾರ. ಭೀಮೂ, ನನ್ನ ನಂಬರನೂ ಆ ಗ್ರೂಪಿಗಿ ಸೇರಸು."

ಭೀಮು ಅವನ ಮುಖವನ್ನೇ ನೋಡಿದ. "ಕಾಕಾ, ನಿನ್ನೆ ನಿಮ್ಮ ಮಾನ ಉಳದದ್ದು ಆ ಫೋನ್ ಸುಮ್ಮನಿದ್ದದ್ದಕ್ಕ."

"ಗೊತ್ತೈತಿ. ಸೇರಸು."

ಅಮಾವಾಸ್ಯೆ ಬಂತು. ಕೊಪ್ಪರಿಗೆ ಏರಿತು, ತುಪ್ಪದ ವಾಸನೆ ಬಸ್‌ಸ್ಟ್ಯಾಂಡಿನ ತನಕ ಹೋಯಿತು. ಮಠದ ಬಾಗಿಲಲ್ಲಿ ಹೊಸದೊಂದು ನಳ, ನಳದ ಹತ್ತಿರ ಸಾಬಾನು ಹಿಡಿದು ಕಾಶಿಬಾಯಿ. ಅವಳಿಗೆ ಅಂಗೈ ತೋರಿಸದೆ ಯಾರೂ ಪಂಕ್ತಿಗೆ ಹೋಗುವಂತಿರಲಿಲ್ಲ. ಅಜ್ಜಾರ ಡ್ರೈವರನನ್ನು ಅವಳು ಎರಡು ಸಲ ವಾಪಸು ಕಳಿಸಿದಳು. ಸೋಮನಿಂಗ ಸಾರಿನ ಬಕೀಟು ಹಿಡಿದು ಮೊದಲಿನ ಜಾಗದಲ್ಲಿ ನಿಂತಿದ್ದ. ಅವನ ಸಂಡಾಸ ಖಾಲಿಯಾಗಿ, ಉಳ್ಳಾಗಡ್ಡಿ ಚೀಲಗಳೆಲ್ಲ ಪಡಸಾಲೆಗೆ ಬಂದಿದ್ದವು. ಮನೆಗೆ ಬಂದವರು ಅವುಗಳ ಮೇಲೆಯೇ ಕೂಡಬೇಕಾಗಿತ್ತು. ಯಾವಾಗಲೂ ಕೊನೆಯ ಪಂಕ್ತಿಗೆ ಬರುತ್ತಿದ್ದ ಭೀಮು, ವಿಜಯಶ್ರೀ ಈ ಸಲ ಮೊದಲನೆಯದರಲ್ಲಿ ಕೂತಿದ್ದರು. ಬಸವಂತರಾಯನೇ ಕೈಹಿಡಿದು ಕೂಡಿಸಿದ್ದ.

ಬಸವಂತರಾಯ ಮೊದಲ ಸೌಟು ಎತ್ತಿದ. ಕೈ ನಡುಗಲಿಲ್ಲ. ಅದೇ ಹೊತ್ತಿಗೆ ಪಂಕ್ತಿಯಲ್ಲಿ ಕೂತ ವಿಜಯಶ್ರೀಗೆ ಏನೋ ನೆನಪಾಗಿ ಫೋನು ತೆಗೆದಳು. ನಾಳೆ ಎರಡನೆಯ ಗುಳಿಗೆಯ ದಿನ, ಯಾರೂ ಮರೆಯಬಾರದು ಎಂದು ಒಂದು ಸಾಲು ಬರೆದು ಒತ್ತಿದಳು.

ಕೋಗಿಲೆ ಕೂಗಿತು, ಗಂಟೆ ಢಣ್ ಎಂದಿತು, ಕೂಸು ನಕ್ಕಿತು, ಸಾರಿನ ಬಕೀಟಿನ ಹಿಂದಿನಿಂದ ಶಂಖ ಮೊಳಗಿತು. ಎಲ್ಲ ನಿಂತ ಮೇಲೆ, ತುಂಬಿದ ಸೌಟು ಹಿಡಿದಿದ್ದ ಬಸವಂತರಾಯನ ಎದೆಯ ಕಿಸೆಯಿಂದಲೂ ಸ್ಪಷ್ಟವಾಗಿ ಟಿಣ್ ಎಂದಿತು.

ಪಂಕ್ತಿಯ ಮಂದಿಯೆಲ್ಲ ಒಟ್ಟಿಗೆ ತಲೆಯೆತ್ತಿ ಅವನ ಕಿಸೆ ನೋಡಿದರು. ಅಜ್ಜಾರೂ ನೋಡಿದರು. ಆಮೇಲೆ ಎಲ್ಲರೂ ತಿರುಗಿ ನಳದ ಕಡೆ, ಕಾಶಿಬಾಯಿಯನ್ನು ನೋಡಿದರು. ಬಸವಂತರಾಯನೂ ಅವಳನ್ನೇ ನೋಡುತ್ತಿದ್ದ. ಗ್ರೂಪಿನ ವಿಷಯ ಅವಳಿಗೆ ಇನ್ನೂ ಹೇಳಿರಲಿಲ್ಲ.

ಕಾಶಿಬಾಯಿ ಒದ್ದೆ ಕೈಯಲ್ಲಿ ಸಾಬಾನು ಹಿಡಿದು ಗಂಡನ ಮುಖ ನೋಡಿದಳು. ಈ ಸಲ ಅವಳು ಏನೂ ಕೇಳಲಿಲ್ಲ.

"ನೋಡ್ತಾ ನಿಂತೀರೇನ್ರಿ, ಹುಗ್ಗಿ ಆರತೈತಿ" ಎಂದಳು.

ಬಸವಂತರಾಯ ಸೌಟು ಬಗ್ಗಿಸಿ ಭೀಮುವಿನ ತಾಟಿಗೆ ಹುಗ್ಗಿ ಹಾಕಿದ, ಮುಂದಿನ ತಾಟಿಗೆ ನಡೆದ. ಹಿಂದೆ ಸೋಮನಿಂಗ "ಸಾರು, ಸಾರು" ಎನ್ನುತ್ತ ಬಂದ.

"ಬ್ಯಾಡ" ಎಂದ ಭೀಮು.